ಬ್ರಿಸ್ಬೇನಿನ ಹನ್ನೊಂದು ಸೆಕೆಂಡು

ಉದಯಶಂಕರನಿಗೆ ನಲವತ್ತನಾಲ್ಕು ತುಂಬಿದ ವಾರವೇ ಕೆಲಸ ಹೋಯಿತು. ಪರ್ತ್ ಸಿಟಿಯ ಗಣಿ ಕಂಪನಿಯೊಂದರಲ್ಲಿ ಅವನು ಒಂಬತ್ತು ವರ್ಷ ದುಡಿದಿದ್ದ. ಗಣಿಯಲ್ಲಿ ಯಾರಿಗಾದರೂ ಪೆಟ್ಟಾದರೆ, ಅಥವಾ ಆಗಬೇಕಾದ ಪೆಟ್ಟು ಕೂದಲೆಳೆಯಲ್ಲಿ ತಪ್ಪಿದರೆ, ಅದನ್ನು ದಾಖಲಿಸುವ ಸಾಫ್ಟ್‌ವೇರ್ ನೋಡಿಕೊಳ್ಳುವುದು ಅವನ ಕೆಲಸ. 2015ರ ಆರಂಭಕ್ಕೆ ಅದಿರಿನ ಬೆಲೆ ಪಾತಾಳ ಕಂಡಿತು. ಅವನ ಮಹಡಿಯಲ್ಲಿದ್ದ ಮೂವತ್ತು ಜನರನ್ನು ಒಂದೇ ಬೆಳಿಗ್ಗೆ ಮನೆಗೆ ಕಳಿಸಿದರು.

ಆಮೇಲೆ ಪರ್ತಿನ ಹೊರವಲಯದ ಪಿಯಾರಾ ವಾಟರ್ಸ್ ಬಡಾವಣೆಯ ಮನೆಯಲ್ಲಿ ತಿಂಗಳುಗಟ್ಟಲೆ ಅರ್ಜಿ ಹಾಕುತ್ತ ಕೂತ. ಹೆಂಡತಿ ಜ್ಯೋತ್ಸ್ನಾ ಔಷಧಿ ಅಂಗಡಿಯ ಕೆಲಸಕ್ಕೆ ಹೊರಟ ಮೇಲೆ ಮನೆಯಲ್ಲಿ ಫ್ರಿಜ್ಜಿನ ಸದ್ದು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಹಾಗಿದ್ದಾಗ ಅದೇ ಬೀದಿಯ ಕೊನೆಮನೆಯ ಅಹಲ್ಯಾ ಒಂದು ಸಂಜೆ ಬಂದು ಬಾಗಿಲಲ್ಲೇ ನಿಂತು ಹೇಳಿದರು.

"ಉದಯ್, ನಮ್ಮ ಉತ್ತಮನ ಟೀಮಿಗೆ ವಿಡಿಯೋ ಕೆಲಸಕ್ಕೆ ಯಾರೋ ಬೇಕಂತೆ. ಕಂಪ್ಯೂಟರ್ ಗೊತ್ತಿದ್ರೆ ಸಾಕಂತೆ. ಆಟ ನಿಧಾನಕ್ಕೆ ಕಲಿತರೂ ಆಗುತ್ತೆ ಅಂತ ಅಂದ."

ಅಹಲ್ಯಾ ಮಂಡ್ಯದ ಕಡೆಯವರು. ಗಂಡನ ಜೊತೆ ಬಂದು ಇಪ್ಪತ್ತೈದು ವರ್ಷವಾಗಿತ್ತು. ಗಂಡ ತೀರಿಕೊಂಡಾಗ ಮಗ ಉತ್ತಮನಿಗೆ ಹತ್ತು ವರ್ಷ. ಮಕ್ಕಳ ಡೇಕೇರ್ ಒಂದರಲ್ಲಿ ಅಡುಗೆ ಮಾಡಿ ಅವನನ್ನು ಓದಿಸಿದ್ದರು. ಈಗ ಅವನಿಗೆ ಇಪ್ಪತ್ತಾರು. ಅಕೌಂಟೆಂಟ್ ಆಗಿದ್ದವನು ಅದನ್ನು ಬಿಟ್ಟು ಅಮೆರಿಕನ್ ಫುಟ್‌ಬಾಲ್ ಆಡುತ್ತೇನೆಂದು ಹೊರಟಿದ್ದ. ಅಹಲ್ಯಾ ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಒಂದು ಮ್ಯಾಚೂ ನೋಡಲು ಹೋಗುತ್ತಿರಲಿಲ್ಲ, ಅಷ್ಟೇ. ಮುಗಿದ ಮೇಲೆ ಮಗ ಫೋನ್ ಮಾಡಿ "ಐ ಆಮ್ ಓಕೆ, ಅಮ್ಮ" ಅನ್ನುವವರೆಗೂ ಮನೆಯಲ್ಲಿ ಏನಾದರೊಂದು ಉಜ್ಜುತ್ತಲೋ ತೊಳೆಯುತ್ತಲೋ ಇರುತ್ತಿದ್ದರು.

ಹೀಗೆ ಉದಯಶಂಕರ ಪರ್ತ್ ಪೆಲಿಕನ್ಸ್ ತಂಡಕ್ಕೆ ಸೇರಿದ. ಆಸ್ಟ್ರೇಲಿಯಾದಲ್ಲಿ ಆ ಆಟಕ್ಕೆ ಗ್ರಿಡೈರನ್ ಅನ್ನುತ್ತಾರೆ. ಆ ವರ್ಷ ಮೂರು ಊರಿನ ಹಣವಂತರು ಸೇರಿ ಆಟಗಾರರಿಗೆ ಸಂಬಳ ಕೊಡುವ ಲೀಗ್ ಒಂದನ್ನು ಕಟ್ಟಿದ್ದರು. ಪರ್ತ್ ಪೆಲಿಕನ್ಸ್, ಬ್ರಿಸ್ಬೇನ್ ಸೈಕ್ಲೋನ್ಸ್, ಅಡಿಲೇಡ್ ಆಂಕರ್ಸ್. ಒಂದೊಂದು ತಂಡಕ್ಕೆ ಎಂಟು ಪಂದ್ಯ, ಮೊದಲ ಎರಡು ತಂಡಗಳಿಗೆ ಫೈನಲ್. ಆಗಸ್ಟಿನಿಂದ ನವೆಂಬರಿನವರೆಗೆ ಸೀಸನ್.

ಆಟದ ಒಳಗುಟ್ಟನ್ನೆಲ್ಲ ಅವನು ಕಲಿತದ್ದು ಉತ್ತಮನ ಕಾರಿನಲ್ಲಿ. ಒಂದೇ ಬೀದಿಯಾದ್ದರಿಂದ ಅಭ್ಯಾಸಕ್ಕೆ ಅವನೇ ಕರೆದುಕೊಂಡು ಹೋಗುತ್ತಿದ್ದ. ಅವನ ಮಾತು ಹೆಚ್ಚೆಲ್ಲ ಇಂಗ್ಲಿಷೇ. ಅಲ್ಲಲ್ಲಿ ಮನೆಯ ಕನ್ನಡ ಇಣುಕುತ್ತಿತ್ತು.

"ಸಿಂಪಲ್ ಅಂಕಲ್. ಹತ್ತು ಗಜ ಮುಂದೆ ಹೋಗ್ಬೇಕು. ನಾಲ್ಕು ಚಾನ್ಸ್. ಒಬ್ಬ ಬಾಲ್ ಎಸೀತಾನೆ, ಇಲ್ಲಾ ನನ್ನ ಕೈಗೆ ಕೊಡ್ತಾನೆ. ಕೊಟ್ರೆ ನಾನು ಓಡ್ತೀನಿ."

"ಎದುರಿನವರು?"

"ನನ್ನ ಮೇಲೆ ಬೀಳ್ತಾರೆ."

ಉತ್ತಮ್ ಓಡುವುದನ್ನು ಮೊದಲ ಸಲ ನೋಡಿದಾಗ ಉದಯಶಂಕರ ಕ್ಯಾಮೆರಾ ಆನ್ ಮಾಡುವುದನ್ನೇ ಮರೆತ. ಅಷ್ಟೇನೂ ಎತ್ತರದ ಆಳಲ್ಲ. ಆದರೆ ನೂರಿಪ್ಪತ್ತು ಕಿಲೋದ ಗಂಡಸರ ನಡುವೆ ಬಾಗಿಲು ಸಂದಿನಷ್ಟು ಜಾಗ ಸಿಕ್ಕಿದರೂ ಸಾಕು, ನುಸುಳಿ ಆಚೆ ಹೋಗಿರುತ್ತಿದ್ದ.

ಮೊದಲ ಮೂರು ಪಂದ್ಯವನ್ನೂ ಪೆಲಿಕನ್ಸ್ ಸೋತರು. ಕೋಚ್ ಹಾರ್ಲನ್ ಓಹಾಯೋದಿಂದ ಬಂದ ಅರವತ್ತರ ಅಮೆರಿಕನ್, ಮಾತು ಕಡಿಮೆ. ಸೋತ ಮರುದಿನ ಉದಯಶಂಕರನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಅದೇ ಸೋಲನ್ನು ಪರದೆಯ ಮೇಲೆ ಮತ್ತೆ ಮತ್ತೆ ನೋಡುತ್ತಿದ್ದರು. ಪ್ರತಿ ಪಂದ್ಯವನ್ನೂ ಸ್ಟ್ಯಾಂಡಿನ ಮೇಲಿನ ಗಾಜಿನ ಕೋಣೆಯಿಂದ ಚಿತ್ರೀಕರಿಸುವುದು, ಆಮೇಲೆ ಅದನ್ನು ತುಂಡು ತುಂಡಾಗಿ ಕತ್ತರಿಸಿ ಕೋಚಿಗೆ ಒಪ್ಪಿಸುವುದು ಉದಯಶಂಕರನ ಕೆಲಸ. ಒಂಬತ್ತು ವರ್ಷ ಅಪಘಾತಗಳ ವರದಿ ಓದಿದ ಕಣ್ಣು ಅವನದು. ಬೇರೆಯವರು ಚೆಂಡನ್ನು ನೋಡುತ್ತಿದ್ದರೆ ಅವನು ಚೆಂಡು ಇಲ್ಲದ ಕಡೆ ನೋಡುತ್ತಿದ್ದ. ಹಾಗೆ ನೋಡುತ್ತ, ಬ್ರಿಸ್ಬೇನ್ ತಂಡದಲ್ಲಿ ಚೆಂಡು ಎಸೆಯುವವನು ಎಸೆಯುವ ಮುಂಚೆ ಬೆರಳು ನೆಕ್ಕಿಕೊಳ್ಳುತ್ತಾನೆ, ಪಕ್ಕದವನ ಕೈಗೆ ಕೊಡುವುದಿದ್ದರೆ ನೆಕ್ಕುವುದಿಲ್ಲ ಎಂದು ಕಂಡುಹಿಡಿದ. ಹಾರ್ಲನ್ ನಲವತ್ತು ತುಣುಕು ನೋಡಿ, ಎದ್ದು ನಿಂತು, ಅವನ ಹೆಗಲ ಮೇಲೆ ಒಂದು ಕ್ಷಣ ಕೈಯಿಟ್ಟು ಹೋದರು. ಆ ಶನಿವಾರ ಗೆದ್ದರು. ಅದೂ ಸೇರಿ ಸತತ ನಾಲ್ಕು ಗೆಲುವು. ಹುಡುಗರು ಅವನನ್ನು ಪ್ರೊಫೆಸರ್ ಎಂದು ಕರೆಯತೊಡಗಿದರು. ಮನೆಯಲ್ಲಿ ಅವನು ಊಟ ಮಾಡುತ್ತ ಗುನುಗುವುದನ್ನು ಜ್ಯೋತ್ಸ್ನಾ ಎಷ್ಟೋ ತಿಂಗಳ ಮೇಲೆ ಕೇಳಿದಳು.

ಕೊನೆಯ ಲೀಗ್ ಪಂದ್ಯ ಬ್ರಿಸ್ಬೇನಿನಲ್ಲಿ. ಗೆದ್ದವರಿಗೆ ಫೈನಲ್. ಮೂರನೆಯ ಕಾಲುಭಾಗದಲ್ಲಿ ಉತ್ತಮನ ಮೇಲೆ ಇಬ್ಬರು ಬಿದ್ದರು. ಎದ್ದವನು ಮೈಕೊಡವಿ ನೆಟ್ಟಗೆ ನಡೆದುಹೋಗಿ, ಮುಂದಿನ ನಡೆ ಪಿಸುಗುಟ್ಟಲು ತಲೆ ಕೂಡಿಸಿದ್ದ ಸೈಕ್ಲೋನ್ಸ್ ಆಟಗಾರರ ಗುಂಪಿನೊಳಗೆ ತಲೆ ತಗ್ಗಿಸಿ ನಿಂತುಬಿಟ್ಟ. ಅವರಲ್ಲೊಬ್ಬ ನಗುತ್ತ ಅವನ ಭುಜ ಹಿಡಿದು ತಿರುಗಿಸಿ ಇತ್ತ ಕಳಿಸಿದ. ಇಡೀ ಸ್ಟ್ಯಾಂಡು ನಕ್ಕಿತು. ಎದುರಾಳಿಯ ಗುಟ್ಟು ಕೇಳಲು ಹೋದ ತುಂಟಾಟ ಎಂದು ಗಾಜಿನ ಕೋಣೆಯಲ್ಲಿ ಉದಯಶಂಕರನೂ ನಕ್ಕ. ಮುಂದಿನ ಸಲ ಚೆಂಡು ಸಿಕ್ಕಿದಾಗ ಉತ್ತಮ್ ಮೂವತ್ತೆಂಟು ಗಜ ಓಡಿ ಗೆರೆ ದಾಟಿ ಆರು ಅಂಕ ತಂದ. ಪೆಲಿಕನ್ಸ್ ಫೈನಲ್ ತಲುಪಿದರು. ಆ ಸಂಜೆ ಫೋರ್ಟಿಟ್ಯೂಡ್ ವ್ಯಾಲಿಯ ಪಬ್ಬುಗಳಲ್ಲಿ ತಂಡದವರೆಲ್ಲ ಕುಣಿದರು. ಉತ್ತಮ್ ಮಾತ್ರ ಸುಸ್ತು ಎಂದು ಹೋಟೆಲಿನಲ್ಲಿ ಮಲಗಿದ.

ಮರುದಿನ ಬೆಳಗಿನ ವಿಮಾನ. ಪರ್ತಿಗೆ ಐದೂವರೆ ಗಂಟೆಯ ದಾರಿ. ಉದಯಶಂಕರ ಲ್ಯಾಪ್‌ಟಾಪ್ ತೆರೆದು ಪಂದ್ಯ ಕತ್ತರಿಸತೊಡಗಿದ. ಆ ತುಂಟಾಟದ ಜಾಗ ಬಂತು. ನಗುತ್ತಲೇ ನೋಡಿದ. ಯಾಕೋ ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ನಿಧಾನವಾಗಿ ನೋಡಿದ. ಬೀಳುವಾಗ ಉತ್ತಮನ ತಲೆಯ ಹಿಂಭಾಗ ನೆಲಕ್ಕೆ ಬಡಿದು ಒಮ್ಮೆ ಪುಟಿದಿತ್ತು. ಎದ್ದವನ ಬಲಗೈ ಯಾವುದೋ ಕಾಣದ ಹಿಡಿಕೆಯನ್ನು ಹುಡುಕುವಂತೆ ಗಾಳಿಯಲ್ಲಿ ಆಡುತ್ತಿತ್ತು. ಅಪರಿಚಿತರ ನಡುವೆ ನಿಂತಾಗ ಅವನ ಮುಖದಲ್ಲಿ ನಗುವೇ ಇರಲಿಲ್ಲ. ತನ್ನವರ ನಡುವೆಯೇ ಇದ್ದೇನೆಂಬ ನೆಮ್ಮದಿ ಇತ್ತು. ಬಿದ್ದಲ್ಲಿಂದ ಅವನನ್ನು ತಿರುಗಿಸಿ ಕಳಿಸುವವರೆಗೆ ಒಟ್ಟು ಹನ್ನೊಂದು ಸೆಕೆಂಡು.

ಉತ್ತಮ್ ಎರಡು ಸಾಲು ಮುಂದೆ, ಕಿಟಕಿಯ ತೆರೆ ಎಳೆದು, ಟೋಪಿಯನ್ನು ಕಣ್ಣಿನ ಮೇಲೆ ಜಾರಿಸಿಕೊಂಡು ಕೂತಿದ್ದ. ಪಕ್ಕದ ಸೀಟು ಖಾಲಿ ಇತ್ತು. ಉದಯಶಂಕರ ಹೋಗಿ ಕೂತು ಪರದೆಯನ್ನು ಅವನ ಕಡೆ ತಿರುಗಿಸಿದ.

ಉತ್ತಮ್ ಕಣ್ಣು ಕಿರಿದು ಮಾಡಿಕೊಂಡು ನೋಡಿದ.

"ಇದು ನಂಗೆ ನೆನಪಿಲ್ಲ ಅಂಕಲ್."

"ಆಮೇಲೆ ಓಡಿದ್ದು? ಆ ಆರು ಪಾಯಿಂಟು?"

"ಅದೂ ಇಲ್ಲ. ಬಸ್ಸಲ್ಲಿ ಎಲ್ಲಾರೂ ಹೇಳಿದ್ರು. ನಾನೂ ಹೂಂ ಅಂದೆ."

"ಡಾಕ್ಟರ್‌ಗೆ ಹೇಳ್ಬೇಕು ಉತ್ತಮ್."

"ಪ್ಲೀಸ್, ಅಂಕಲ್." ಅವನು ದನಿ ತಗ್ಗಿಸಿದ. "ಫೈನಲ್‌ಗೆ ಕೆನಡಾದ ಕ್ಲಬ್ಬಿನವರು ನನ್ನನ್ನ ನೋಡೋಕೇ ಬರ್ತಿದಾರೆ. ಇನ್ನೂ ಎರಡು ವಾರ ಇದೆ, ಸರಿಹೋಗುತ್ತೆ. ಈ ಪೀಸ್ ನೀವು ಬಿಟ್ಬಿಡಿ. ಯಾರು ಕೇಳ್ತಾರೆ?"

ಯಾರೂ ಕೇಳಲಿಲ್ಲ. ಸೋಮವಾರ ಹಾರ್ಲನ್‌ಗೆ ಒಪ್ಪಿಸಿದ ತುಣುಕುಗಳಲ್ಲಿ ಆ ಹನ್ನೊಂದು ಸೆಕೆಂಡು ಇರಲಿಲ್ಲ. ಉದಯಶಂಕರ ಅದನ್ನು ಅಳಿಸಿರಲಿಲ್ಲ, ಬೇರೆ ಕಡೆ ಎತ್ತಿಟ್ಟಿದ್ದ. ಅಷ್ಟರಿಂದಲೇ ತಾನು ಸುಳ್ಳು ಹೇಳಿದಂತಾಗಲಿಲ್ಲ ಎಂದುಕೊಂಡ. ಹುಡುಗನ ಕನಸು, ಹುಡುಗನ ತಲೆ, ಹೇಳುವುದಿದ್ದರೆ ಅವನೇ ಹೇಳಲಿ ಎಂದೂ ಅಂದುಕೊಂಡ. ಅದರ ಅಡಿಯಲ್ಲಿ ಇನ್ನೊಂದಿತ್ತು. ಫೈನಲ್ ಗೆದ್ದರೆ ಮುಂದಿನ ವರ್ಷವೂ ಕೆಲಸ ಇರುತ್ತದೆ ಎಂದು ಕ್ಲಬ್ಬಿನವರು ಹೇಳಿದ್ದರು. ಅದನ್ನು ಅವನು ತನ್ನೊಳಗೂ ಜೋರಾಗಿ ಹೇಳಿಕೊಳ್ಳಲಿಲ್ಲ.

ಹತ್ತು ದಿನ ಕಳೆಯಿತು. ಉತ್ತಮ್ ಅಭ್ಯಾಸಕ್ಕೆ ಬರುತ್ತಿದ್ದ, ಓಡುತ್ತಿದ್ದ, ಬೀಳುತ್ತಿದ್ದ. ಅವನು ಬಿದ್ದಾಗಲೆಲ್ಲ, ಎದ್ದು ಯಾವ ಕಡೆ ನಡೆಯುತ್ತಾನೆಂದು ಉದಯಶಂಕರ ನೋಡುತ್ತಿದ್ದ.

ಹನ್ನೊಂದನೆಯ ದಿನ, ಬುಧವಾರ ಬೆಳಿಗ್ಗೆ, ಇಬ್ಬರೂ ಎಂದಿನಂತೆ ಹೊರಟರು. ನಿಕಲ್ಸನ್ ರಸ್ತೆಯ ಸಿಗ್ನಲ್ ಹಸಿರಾಯಿತು. ಕಾರು ಕದಲಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು. ಉತ್ತಮ್ ಸ್ಟೇರಿಂಗ್ ಹಿಡಿದು ಎದುರಿನ ಸರ್ವೋದ ಬೋರ್ಡನ್ನೇ ನೋಡುತ್ತಿದ್ದ. ಅವನು ಯಾವಾಗಲೂ ಪೆಟ್ರೋಲ್ ಹಾಕಿಸುವ ಬಂಕು ಅದು.

"ಅಂಕಲ್," ಎಂದ ಮೆಲ್ಲಗೆ, "ಇದು ಯಾವ ರೋಡು?"

"ಇಂಡಿಕೇಟರ್ ಹಾಕು. ಎಡಕ್ಕೆ ತಗೋ. ಹಾಂ, ಇಲ್ಲೇ ನಿಲ್ಸು," ಎಂದು ಉದಯಶಂಕರ ಮಗುವಿಗೆ ಹೇಳಿದಂತೆ ಹೇಳಿ ಕಾರನ್ನು ಪಕ್ಕಕ್ಕೆ ತರಿಸಿದ. ಇಳಿದು ಸುತ್ತಿ ಬಂದು ಬಾಗಿಲು ತೆರೆದ. ಉತ್ತಮ್ ಪಕ್ಕದ ಸೀಟಿಗೆ ಸರಿದ. ಉದಯಶಂಕರ ಅವನನ್ನು ಮನೆಗೆ ಬಿಟ್ಟು ಬಂದ.

ಜ್ಯೋತ್ಸ್ನಾ ಇನ್ನೂ ಕೆಲಸಕ್ಕೆ ಹೊರಟಿರಲಿಲ್ಲ. ಅವನು ಎಲ್ಲವನ್ನೂ ಹೇಳಿದ. ಅವಳು ಬ್ಯಾಗನ್ನು ಕೆಳಗಿಟ್ಟು ಕೇಳಿಸಿಕೊಂಡಳು.

"ನಿಮ್ಮ ಆಫೀಸಲ್ಲಿ ಇಂಥದ್ದು ಬರೆದಿಡದೆ ಬಿಟ್ಟೋರನ್ನ ನೀವು ಎಷ್ಟು ಬೈತಿದ್ರಿ, ನೆನಪಿದೆಯಾ?" ಎಂದಳು. ಬೈಯುವ ದನಿಯಲ್ಲ ಅದು. ಆಮೇಲೆ, "ನಾನೇ ಕ್ಲಬ್ಬಿಗೆ ಡ್ರಾಪ್ ಮಾಡ್ತೀನಿ, ಬನ್ನಿ," ಎಂದಳು.

ಹಾರ್ಲನ್ ಮತ್ತು ಕ್ಲಬ್ಬಿನ ಡಾಕ್ಟರ್ ಆ ಹನ್ನೊಂದು ಸೆಕೆಂಡನ್ನು ಒಟ್ಟಿಗೆ ನೋಡಿದರು. ಡಾಕ್ಟರ್ ಚುರುಕು ಹೆಂಗಸು. ಮೂರು ಸಲ ನೋಡಿ ದಿನಾಂಕ ಕೇಳಿದರು. ಅವನು ಹೇಳಿದ.

"ಹನ್ನೊಂದು ದಿನ," ಎಂದರು ಆಕೆ. "ಅಷ್ಟು ದಿನವೂ ಅಭ್ಯಾಸ ಮಾಡಿದ್ದಾನೆ. ತಲೆಗೆ ಇನ್ನೊಂದು ಪೆಟ್ಟು ಬಿದ್ದಿದ್ದರೆ ಏನಾಗುತ್ತಿತ್ತು ಅಂತ ನಿಮಗೆ ಗೊತ್ತಾ?"

ಹಾರ್ಲನ್ ಪರದೆಯಿಂದ ಕಣ್ಣು ಕೀಳದೆ, "ನಾನು ಅವತ್ತು ಅಲ್ಲೇ ನಿಂತಿದ್ದೆ. ನಕ್ಕೆ," ಎಂದರು.

ಉತ್ತಮನನ್ನು ಆಸ್ಪತ್ರೆಗೆ ಕಳಿಸಿ ಪರೀಕ್ಷೆ ಮಾಡಿಸಿದರು. ಮಿದುಳಿಗೆ ಪೆಟ್ಟಾಗಿತ್ತು. ಆಟ ಬಂದ್, ಕಾರು ಓಡಿಸುವುದೂ ಬಂದ್, ಕೆಲವು ವಾರ ಫೋನು ಪರದೆಯೂ ಬೇಡ ಎಂದರು. ಅವನು ಉದಯಶಂಕರನಿಗೆ ಒಂದೇ ಸಲ ಫೋನ್ ಮಾಡಿದ.

"ಹೇಳೋದಿದ್ರೆ ಅವತ್ತೇ ಹೇಳ್ಬೇಕಿತ್ತು ಅಂಕಲ್. ಅವತ್ತೇ ರೆಸ್ಟ್ ತಗೊಂಡಿದ್ರೆ ಈಗ ಆಡ್ತಿದ್ನೋ ಏನೋ. ಅವತ್ತು ಹೇಳಲಿಲ್ಲ, ಕೊನೇವರೆಗೂ ಸುಮ್ಮನಿರಲೂ ಇಲ್ಲ."

ಫೋನ್ ಇಟ್ಟ. ಆ ಮಾತಿನಲ್ಲಿ ಸುಳ್ಳು ಎಲ್ಲಿದೆ ಎಂದು ಉದಯಶಂಕರ ಹುಡುಕಿ ನೋಡಿದ. ಸಿಗಲಿಲ್ಲ.

ಆ ಸಂಜೆ ಅವನೇ ಬೀದಿಯ ಕೊನೆಮನೆಗೆ ಹೋದ. ಅಹಲ್ಯಾ ಅಡುಗೆಮನೆಯ ಮೇಜಿನ ಮುಂದೆ ಹುರುಳಿಕಾಯಿ ಬಿಡಿಸುತ್ತಿದ್ದರು. ಒಳಗಿನ ಕೋಣೆಯ ಬಾಗಿಲು ಮುಚ್ಚಿತ್ತು.

"ಅಕ್ಕಾ," ಎಂದು ಶುರುಮಾಡಿದ.

"ವಿಮಾನದಲ್ಲೇ ಗೊತ್ತಾಗಿತ್ತಾ ನಿಮಗೆ?"

"ಹೌದಕ್ಕ."

"ಅಷ್ಟು ದಿನವೂ ಗೊತ್ತಿತ್ತು."

"ಗೊತ್ತಿತ್ತು. ಅವನು ಬೇಡ ಅಂದ ಅನ್ನೋದು ನಿಜ. ಆದ್ರೆ ನನಗೂ ಹೇಳೋಕೆ ಮನಸ್ಸಿರಲಿಲ್ಲ. ಗೆದ್ರೆ ಕೆಲಸ ಉಳಿಯುತ್ತೆ ಅಂತ ಇತ್ತು."

ಅಹಲ್ಯಾರ ಕೈ ನಿಂತಿತು. ಅಷ್ಟನ್ನೂ ಅವನು ಬಾಯಿಬಿಟ್ಟು ಹೇಳುತ್ತಾನೆಂದು ಅವರು ನಿರೀಕ್ಷಿಸಿರಲಿಲ್ಲವೇನೋ. ಸ್ವಲ್ಪ ಹೊತ್ತಿನ ಮೇಲೆ ಒಂದು ಕಾಯಿ ಎತ್ತಿಕೊಂಡು ಮತ್ತೆ ನಾರು ತೆಗೆದರು.

"ಕೋಪ ಇದೆ ನನಗೆ," ಎಂದರು. "ಇಲ್ಲ ಅನ್ನಲ್ಲ. ಅವನ ಮೇಲೂ ಇದೆ, ನನ್ನ ಮೇಲೂ ಇದೆ. ಹತ್ತು ದಿನದಿಂದ ಇವನು ಲೈಟ್ ಆರಿಸಿಕೊಂಡು ಊಟ ಮಾಡ್ತಿದ್ದ. ನಾನು ಯಾಕೆ ಅಂತ ಕೇಳಲಿಲ್ಲ. ಆಟದ ವಿಷಯ ಅಂದ್ರೆ ಕಿವಿ ಮುಚ್ಚಿಕೊಂಡು ಅಭ್ಯಾಸ ಆಗ್ಬಿಟ್ಟಿದೆ." ಬಿಡಿಸಿದ ಕಾಯಿಯನ್ನು ಪಕ್ಕಕ್ಕಿಟ್ಟು, "ಇವನು ಫೈನಲ್ ನೋಡೋಕೆ ಅಡಿಲೇಡಿಗೆ ಹೋಗ್ತೀನಿ ಅಂತಾನೆ, ಟೀಮ್ ಜೊತೆ. ಡಾಕ್ಟರ್ ಹೂಂ ಅಂದ್ರು. ನಾನೂ ಬರ್ತೀನಿ," ಎಂದರು.

ಫೈನಲ್ ಶನಿವಾರ ಮಧ್ಯಾಹ್ನ. ಅಡಿಲೇಡಿನ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಮೈದಾನದ ಅಂಚಿನಲ್ಲಿ ನಿಲ್ಲುತ್ತೇನೆಂದು ಉತ್ತಮ್ ಹಟ ಹಿಡಿದು ನಿಂತವನು ಐದೇ ನಿಮಿಷಕ್ಕೆ ಹಣೆ ಹಿಡಿದುಕೊಂಡ. ಡಾಕ್ಟರ್ ಅವನನ್ನು ನೆರಳಿಗೆ ಕಳಿಸಿದರು. ಆ ಮೈದಾನದಲ್ಲಿ ನೆರಳೂ ಸದ್ದಿಲ್ಲದ ಜಾಗವೂ ಅಂತ ಇದ್ದದ್ದು ಒಂದೇ, ವಿಡಿಯೋದ ಗಾಜಿನ ಕೋಣೆ. ಅಮ್ಮ ಕೈಹಿಡಿದು ಮೆಟ್ಟಿಲು ಹತ್ತಿಸಿದರು. ಉತ್ತಮ್ ಕಪ್ಪು ಕನ್ನಡಕ ಹಾಕಿಕೊಂಡು ಹಿಂದಿನ ಗೋಡೆಗೆ ಒರಗಿ ಕೂತ. ಉದಯಶಂಕರನ ಕಡೆ ತಿರುಗಲಿಲ್ಲ.

ಅಹಲ್ಯಾ ಗಾಜಿಗೆ ಹತ್ತಿರ ಕೂತು ಜೀವನದಲ್ಲಿ ಮೊದಲ ಸಲ ಆ ಆಟವನ್ನು ನೋಡಿದರು.

"ಎಲ್ಲಾರೂ ಯಾಕೆ ಬಗ್ಗಿಕೊಂಡು ನಿಂತಿದಾರೆ?"

ಉದಯಶಂಕರ ಕ್ಯಾಮೆರಾದಲ್ಲಿ ಮುಳುಗಿದ್ದ. ಉತ್ತರ ಬಂದದ್ದು ಹಿಂದಿನಿಂದ, ಮುಚ್ಚಿದ ಕಣ್ಣಿನವನಿಂದ.

"ನೆಕ್ಸ್ಟ್ ಬಾಲ್‌ಗೆ ಕಾಯ್ತಿದಾರೆ ಅಮ್ಮ. ಮಧ್ಯದಲ್ಲಿ ಇರೋನು ಕಾಲ ಸಂದೀಲಿ ಬಾಲ್ ಹಿಂದೆ ಕೊಡ್ತಾನೆ. ಆಮೇಲೆ ಎಲ್ಲಾ ಸ್ಟಾರ್ಟ್ ಆಗುತ್ತೆ."

"ಆ ಪಾಪದವನ ಮೇಲೆ ಐದು ಜನ ಬಿದ್ರಲ್ಲೋ."

"ಬಾಲ್ ಹಿಡಿದು ಓಡೋನು ಅವನು. ನನ್ನ ಜಾಗದಲ್ಲಿ ಅವನು ಇದಾನೆ."

ಅಹಲ್ಯಾ ಬಾಯಿಗೆ ಕೈ ಹಿಡಿದು ಕೂತರು. ಒಂದೊಂದು ಸಲವೂ ಅವರು ಕೇಳುವುದು, ಅವನು ಹೇಳುವುದು ಹೀಗೇ ನಡೆಯಿತು. ಅವನ ತಡವರಿಸುವ ಕನ್ನಡ ಅಷ್ಟು ಹೊತ್ತು ಒಂದೇ ಸಮನೆ ಹರಿದದ್ದನ್ನು ಉದಯಶಂಕರ ಎಂದೂ ಕೇಳಿರಲಿಲ್ಲ. ಬಹುಶಃ ಅವನ ತಾಯಿಯೂ ಕೇಳಿರಲಿಲ್ಲ.

ಕೊನೆಯ ನಿಮಿಷಕ್ಕೆ ಪೆಲಿಕನ್ಸ್ ನಾಲ್ಕು ಅಂಕ ಹಿಂದಿದ್ದರು. ಗೆರೆ ಇನ್ನು ಎರಡೇ ಗಜ ದೂರ, ಉಳಿದದ್ದು ಒಂದೇ ಅವಕಾಶ. ಸ್ಟ್ಯಾಂಡೆಲ್ಲ ಎದ್ದು ನಿಂತಿತು. ಉತ್ತಮನ ಜಾಗದಲ್ಲಿದ್ದವನ ಕೈಗೆ ಚೆಂಡು ಕೊಟ್ಟರು. ಅವನು ಬಲಕ್ಕೆ ನುಗ್ಗಿದ. ಆಂಕರ್ಸ್ ಗೋಡೆಯಂತೆ ಎದ್ದರು. ಚೆಂಡು ಗೆರೆಗೆ ಒಂದು ಮೊಳ ಈಚೆಯೇ ನೆಲ ಕಚ್ಚಿತು.

"ಏನಾಯ್ತು ಅಂಕಲ್?" ಆ ಫೋನ್ ಆದ ಮೇಲೆ ಉತ್ತಮ್ ಉದಯಶಂಕರನ ಜೊತೆ ಆಡಿದ ಮೊದಲ ಮಾತು ಅದು.

"ತಡೆದ್ರು. ಬಲಗಡೆ ಹೋದ. ಒಂದು ಮೊಳ ಕಮ್ಮಿ."

ಉತ್ತಮ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ಎಡಗಡೆ ಗ್ಯಾಪ್ ಇತ್ತಾ?"

ಇತ್ತು. ಕ್ಯಾಮೆರಾದ ಕಣ್ಣಲ್ಲಿ ಉದಯಶಂಕರ ಅದನ್ನು ನೋಡಿದ್ದ. ಒಬ್ಬ ಮನುಷ್ಯ ಅಡ್ಡಡ್ಡ ದಾಟುವಷ್ಟು. ಇಲ್ಲ ಎಂದುಬಿಡಬಹುದಿತ್ತು.

"ಇತ್ತು," ಎಂದ.

ಉತ್ತಮ್ ತಲೆಯಾಡಿಸಿದ. ಅಹಲ್ಯಾ ಎದ್ದು ಹೋಗಿ ಮಗನ ಪಕ್ಕ ನೆಲದ ಮೇಲೆ ಕೂತರು. ಕೆಳಗೆ ಗೆದ್ದವರು ಕುಣಿಯುತ್ತಿದ್ದರು. ಉದಯಶಂಕರ ಕ್ಯಾಮೆರಾ ಆರಿಸಲಿಲ್ಲ, ಯಾಕೆಂದರೆ ಆರಿಸಿದ ಮೇಲೆ ಹಿಂದಕ್ಕೆ ತಿರುಗಬೇಕಿತ್ತು.

ಆ ಲೀಗ್ ಮರುವರ್ಷ ನಡೆಯಲಿಲ್ಲ. ಟಿಕೆಟ್ಟು ಅಂದುಕೊಂಡಷ್ಟು ಹೋಗಿರಲಿಲ್ಲ, ಪ್ರಾಯೋಜಕರು ಹಿಂದೆ ಸರಿದರು. ಫೈನಲ್ ಗೆದ್ದಿದ್ದರೂ ಉದಯಶಂಕರನ ಕೆಲಸ ಉಳಿಯುತ್ತಿರಲಿಲ್ಲ. ಹಾರ್ಲನ್ ಓಹಾಯೋಗೆ ಮರಳಿದರು. ಜನವರಿಯಲ್ಲಿ ಉದಯಶಂಕರನಿಗೆ ಆಸ್ಪತ್ರೆಯ ಉಪಕರಣ ಮಾರುವ ಒಂದು ಚಿಕ್ಕ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಸೇರುವ ಮುಂಚೆ ಅವನು ಒಂದನ್ನು ಕೇಳಿಕೊಂಡ: ಗುರುವಾರ ಮಧ್ಯಾಹ್ನದ ಮೇಲೆ ರಜೆ ಬೇಕು, ಬದಲಿಗೆ ಶನಿವಾರ ಬರುತ್ತೇನೆ.

ಗುರುವಾರ ಮಧ್ಯಾಹ್ನ ಉತ್ತಮನಿಗೆ ಆಸ್ಪತ್ರೆ. ಅಹಲ್ಯಾರಿಗೆ ಡೇಕೇರ್ ಬಿಟ್ಟು ಬರಲಾಗುತ್ತಿರಲಿಲ್ಲ, ಕಾರು ಓಡಿಸಲೂ ಬರುತ್ತಿರಲಿಲ್ಲ. ಡಿಸೆಂಬರಿನಲ್ಲಿ ಉದಯಶಂಕರ ಮೊದಲ ಸಲ ಕಾರು ತಂದು ಮನೆಯ ಮುಂದೆ ನಿಲ್ಲಿಸಿದಾಗ ಉತ್ತಮ್ ಹಿಂದಿನ ಸೀಟಿನಲ್ಲಿ ಕೂತ. ನಾಲ್ಕು ವಾರ ಹಾಗೇ ಹೋಯಿತು. ಐದನೆಯ ವಾರ, ಹಿಂದಿನ ಸೀಟಿನ ಮೇಲೆ ಜ್ಯೋತ್ಸ್ನಾಳ ಸಾಮಾನಿನ ಚೀಲಗಳಿದ್ದವು. ಅವನು ಮುಂದೆ ಕೂತ. ಚೀಲಗಳನ್ನು ಯಾರು ಯಾಕೆ ಅಲ್ಲಿಟ್ಟಿದ್ದರೆಂದು ಉದಯಶಂಕರ ಮನೆಯಲ್ಲಿ ಕೇಳಲಿಲ್ಲ. ಫೆಬ್ರವರಿಯಲ್ಲಿ ತಲೆನೋವು ವಾರಕ್ಕೆರಡು ದಿನಕ್ಕೆ ಇಳಿಯಿತು. ಉತ್ತಮ್ ಮಾತಾಡತೊಡಗಿದ. ಮೊದಲು ಹವೆಯ ಬಗ್ಗೆ, ಆಮೇಲೆ ಅಮ್ಮನ ಬಗ್ಗೆ, ಕೆನಡಾದವರು ಕಳಿಸಿದ ಸಭ್ಯವಾದ ಒಂದು ಪತ್ರದ ಬಗ್ಗೆ.

ಮಾರ್ಚ್ ಕೊನೆಯ ಗುರುವಾರ ಅವನು ಆಸ್ಪತ್ರೆಯಿಂದ ಹೊರಗೆ ಬಂದು ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡ. ಉದಯಶಂಕರ ಕೀಲಿ ತಿರುಗಿಸಲು ಹೋದಾಗ ಅವನ ಕೈ ಮೇಲೆ ಕೈಯಿಟ್ಟು ತಡೆದ.

"ಕಾರ್ ಓಡಿಸ್ಬಹುದಂತೆ. ಕೆಲಸಕ್ಕೂ ಹೋಗ್ಬಹುದಂತೆ."

"ಆಟ?"

"ಇಲ್ಲ. ಎಂದಿಗೂ ಇಲ್ಲ." ಹೇಳಿ ಮುಗಿಸುವಷ್ಟರಲ್ಲಿ ಅವನ ಭುಜ ಅಲುಗತೊಡಗಿತು. ಅಡಿಲೇಡಿನಲ್ಲೂ ಅವನು ಹೀಗೆ ಅತ್ತಿರಲಿಲ್ಲ. ಉದಯಶಂಕರ ಸಮಾಧಾನದ ಮಾತು ಹುಡುಕಲಿಲ್ಲ. ಅವನ ಬೆನ್ನ ಮೇಲೆ ಕೈಯಿಟ್ಟು ಕೂತ. ಪಾರ್ಕಿಂಗ್ ಸಮಯ ಮುಗಿದು ಕಾವಲಿನವನು ಒಮ್ಮೆ ಕಿಟಕಿಯ ಬಳಿ ಬಂದು, ಒಳಗೆ ನೋಡಿ, ಮುಂದೆ ಹೋದ.

ಬಹಳ ಹೊತ್ತಿನ ಮೇಲೆ ಉತ್ತಮ್ ಮುಖ ಒರೆಸಿಕೊಂಡು, "ಅಮ್ಮನಿಗೆ ನೀವೇ ಹೇಳಿ ಅಂಕಲ್. ನನ್ ಕೈಲಿ ಆಗಲ್ಲ," ಎಂದ.

ಉದಯಶಂಕರ ಫೋನ್ ಮಾಡಿದ. ಡೇಕೇರಿನ ಮಕ್ಕಳ ಗಲಾಟೆಯ ನಡುವೆ ಅಹಲ್ಯಾ ಎಲ್ಲವನ್ನೂ ಕೇಳಿಸಿಕೊಂಡರು. ಎರಡು ಸಲ "ಹಾಂ" ಅಂದರು. ಆಮೇಲೆ ಕೇಳಿದರು:

"ಅಳ್ತಿದಾನಾ?"

"ಹೂಂ, ಅಕ್ಕ."

"ಅಳಲಿ. ನೀವು ಜೊತೇಲಿ ಇದೀರಲ್ಲ, ಸಾಕು. ಆತುರ ಮಾಡಿ ಕರ್ಕೊಂಡು ಬರ್ಬೇಡಿ. ಜ್ಯೋತ್ಸ್ನಾಗೂ ಹೇಳಿ, ಇವತ್ತು ಊಟ ಎಲ್ಲಾರಿಗೂ ನಮ್ಮನೇಲೇ."